ನಾಗವೇಣಿಯ ಬೆಲ್ಟು, ಪಂಪಣ್ಣನ ಕೈ

ಪಂಪಣ್ಣನ ಬಲಗೈಗೆ ಮೂರು ದಿನ ಸಿಂಧನೂರಿನಲ್ಲಿ ಸಿಕ್ಕ ಮರ್ಯಾದೆ, ಆ ಕೈಯ ಯಜಮಾನನಿಗೆ ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ಆ ಕೈಗೆ ಏನೂ ಆಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುರಿದಿರಲಿಲ್ಲ, ಉಳುಕಿರಲಿಲ್ಲ, ಸೊಳ್ಳೆ ಕೂಡ ಕಚ್ಚಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಕಚೇರಿಯಲ್ಲಿ ಆತನ ಪಕ್ಕದ ಟೇಬಲ್ಲು ನನ್ನದು, ಮತ್ತು ಆ ಗುರುವಾರ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಬಸ್ಸಿನಲ್ಲಿ ಆ ಕೈಯ ಪಕ್ಕದಲ್ಲೇ ಕೂತು ಬಂದವನು ನಾನೇ.

ನೋವಿದ್ದದ್ದು ಪಂಪಣ್ಣನ ಹೆಂಡತಿ ನಾಗವೇಣಿಯವರ ಕೈಗೆ. ಅವರು ಗೊರೇಬಾಳದ ಸರ್ಕಾರಿ ಶಾಲೆಯಲ್ಲಿ ಟೀಚರು, ನಮ್ಮ ತಾಲೂಕಿನ ಮಹಿಳಾ ನೌಕರರ ಥ್ರೋಬಾಲ್ ತಂಡದ ನಾಯಕಿ. ವಯಸ್ಸು ನಲವತ್ತೆರಡು. ಅವರು ಚೆಂಡನ್ನು ತಲೆಯ ಮೇಲೆತ್ತಿ ಎಸೆದರೆ ಅದು ಬಲೆಯ ಮೇಲೆ ಎರಡು ಬೆರಳಷ್ಟೇ ಜಾಗ ಬಿಟ್ಟು ದಾಟುತ್ತದೆ, ದಾಟಿದ ಮೇಲೆ ಎಲ್ಲಿ ಬೀಳುತ್ತದೆಂದು ಎದುರಿನವರಿಗೆ ಬಿದ್ದ ನಂತರವೇ ಗೊತ್ತಾಗುತ್ತದೆ. ಸಿಂಧನೂರಿನಲ್ಲಿ ಹೆಮ್ಮೆಪಡಬೇಕಾದದ್ದು ಏನಾದರೂ ಇದ್ದರೆ ಅದು ಈ ಸರ್ವಿಸ್ಸು ಎಂದು ನಾನು ಹಲವರ ಮುಂದೆ ವಾದಿಸಿದ್ದೇನೆ. ಇಂಥ ಕೈ ಬೆಳಗ್ಗೆ ಹನ್ನೆರಡು, ಸಂಜೆ ಹನ್ನೆರಡು ಜೋಳದ ರೊಟ್ಟಿಯನ್ನೂ ಬಡಿಯುತ್ತದೆ. ಪಂಪಣ್ಣನ ತಾಯಿ ಮುದುಕಮ್ಮನವರಿಗೆ ಹಂಚಿನಿಂದ ಇಳಿದ ರೊಟ್ಟಿ ನೇರ ತಾಟಿಗೇ ಬೀಳಬೇಕು. ನಡುವೆ ಡಬ್ಬಿಯಲ್ಲಿ ಕೂತೆದ್ದ ರೊಟ್ಟಿಯನ್ನು ಅವರು ರೊಟ್ಟಿಯೆಂದು ಒಪ್ಪುವುದಿಲ್ಲ.

ಹೀಗಾಗಿ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ನೋವು ಕೂತಿತು. ಚಹಾದ ಪಾತ್ರೆ ಎತ್ತಿದರೆ ನೋವು, ಚಾಕ್‌ಪೀಸು ಹಿಡಿದರೆ ನೋವು. ಡಾಕ್ಟರು ನೋಡಿ, ಮಣಿಕಟ್ಟಿಗೆ ಬೆಲ್ಟು ಹಾಕದೆ ಕೆಲಸ ಮಾಡಕೂಡದು, ಆಟವಂತೂ ಬೆಲ್ಟಿಲ್ಲದೆ ಆಡಲೇಕೂಡದು, ಹಟ ಮಾಡಿದರೆ ಆ ಕೈಯಿಂದ ಮುಂದೆ ಚೆಂಡು ಮುಟ್ಟುವ ಆಸೆ ಬಿಡಬೇಕು ಎಂದು ಖಡಾಖಂಡಿತ ಹೇಳಿದ್ದರು. ಬರುವ ರವಿವಾರ ಮಸ್ಕಿಯಲ್ಲಿ ಲಿಂಗಸುಗೂರಿನ ತಂಡದ ಮೇಲೆ ಫೈನಲ್ಲು. ಮೂರು ವರ್ಷದಿಂದ ಆ ತಂಡಕ್ಕೇ ಸೋತು, ಮೂರು ವರ್ಷವೂ ಎರಡನೇ ಬಹುಮಾನದ ಸ್ಟೀಲಿನ ಡಬ್ಬಿ ತಂದು ಮುದುಕಮ್ಮನವರ ಬೇಳೆಕಾಳಿಗೆ ಕೊಟ್ಟಿದ್ದ ನಾಗವೇಣಿಯವರಿಗೆ ನಾಲ್ಕನೇ ಡಬ್ಬಿ ಬೇಕಿರಲಿಲ್ಲ.

ಸಿಂಧನೂರಿನ ಔಷಧದಂಗಡಿಗಳಲ್ಲಿ ಸರಿಯಾದ ಅಳತೆಯ ಬೆಲ್ಟು ಇರಲಿಲ್ಲ, ತರಿಸಲು ವಾರ ಬೇಕೆಂದರು. ಅಷ್ಟರಲ್ಲಿ ನನಗೂ ಪಂಪಣ್ಣನಿಗೂ ಕಡತಗಳನ್ನು ತೆಗೆದುಕೊಂಡು ಲಿಂಗಸುಗೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುವ ಕೆಲಸ ಬಿತ್ತು. ನಾಗವೇಣಿಯವರು ಒಂದು ಕೆಂಪು ದಾರವನ್ನು ತಮ್ಮ ಮಣಿಕಟ್ಟಿಗೆ ಸುತ್ತಿ, ಸರಿಯಾದ ಜಾಗಕ್ಕೆ ಗಂಟು ಹಾಕಿ, ಗಂಡನ ಅಂಗಿಯ ಜೇಬಿನಲ್ಲಿಟ್ಟರು. ಬಲಗೈಯದು, ಹೆಬ್ಬೆರಳು ಹಿಡಿಯುವಂಥದು ಎಂದು ಎರಡು ಸಲ ಹೇಳಿದರು. ಮೂರನೇ ಸಲ ನನಗೆ ಹೇಳಿದರು, ಗಂಡನ ನೆನಪಿನ ಶಕ್ತಿ ಅವರಿಗೆ ಗೊತ್ತಿತ್ತು.

ಕಚೇರಿಯಲ್ಲಿ ಕಡತ ಒಪ್ಪಿಸುವ ಹೊತ್ತಿಗೆ ಅದರ ಲಾಡಿ ಹರಿಯಿತು. ಪಂಪಣ್ಣ ಜೇಬಿಗೆ ಕೈ ಹಾಕಿದ, ದೇವರು ಕೊಟ್ಟಂತೆ ಒಂದು ಕೆಂಪು ದಾರ ಸಿಕ್ಕಿತು, ಕಡತವನ್ನು ಅಚ್ಚುಕಟ್ಟಾಗಿ ಕಟ್ಟಿ ಒಳಗೆ ಕೊಟ್ಟ. ನಾಗವೇಣಿಯವರ ಮಣಿಕಟ್ಟಿನ ಅಳತೆ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಧಿಪೂರ್ವಕ ಸ್ವೀಕೃತವಾಯಿತು. ಅದಕ್ಕೆ ಮೊಹರು ಹಾಕಿದ ರಸೀದಿಯೂ ನಮ್ಮ ಬಳಿ ಇದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಗೌಸ್‌ಸಾಬ್ ಅವರ ಆಟದ ಸಾಮಾನಿನ ಅಂಗಡಿ. ಮೈಯ ಒಂದೊಂದು ಕೀಲಿನ ಮೇಲೂ ಗೌರವವಿರುವ ಮನುಷ್ಯ ಅವರು. ಯಾವ ಕೈ, ಮನೆಗೆಲಸಕ್ಕೋ ಆಟಕ್ಕೋ, ನೋವು ಹೆಬ್ಬೆರಳಿನ ಕಡೆಗೋ ಕಿರುಬೆರಳಿನ ಕಡೆಗೋ ಎಂದು ಕೇಳಿ, ಮೂರು ನಮೂನೆಯ ಬೆಲ್ಟುಗಳನ್ನು ಗಾಜಿನ ಮೇಲೆ ಹಾಸಿದರು. ಒಂದು ಕಾಲುಚೀಲದಂತೆ ಏರಿಸುವುದು, ಬರೀ ಬಿಸುಪಿಗೆ. ಒಂದು ಸುತ್ತಿ ಕಟ್ಟುವ ಪಟ್ಟಿ, ಸಣ್ಣ ಉಳುಕಿಗೆ. ಮೂರನೆಯದರಲ್ಲಿ ಹೆಬ್ಬೆರಳಿಗೆ ತೂತು, ಅಂಗೈ ಕಡೆಗೆ ಒಂದು ಚಪ್ಪಟೆ ಲೋಹದ ಪಟ್ಟಿ. ಕೆಲಸದ ಹೊತ್ತಿನಲ್ಲಿ ಪಟ್ಟಿ ಇರಬೇಕು, ಕೈ ಬಾಗುವುದಿಲ್ಲ. ಆಡುವಾಗ ಪಟ್ಟಿಯನ್ನು ಅದರ ಚೀಲದಿಂದ ಜಾರಿಸಿ ತೆಗೆಯಬೇಕು, ಬರೀ ಬಟ್ಟೆ ಹಿಡಿದುಕೊಳ್ಳುತ್ತದೆ. ಎರಡಕ್ಕೂ ಆಗುವುದು ಇದೇ ಎಂದು ಮೂರನೆಯದನ್ನೇ ಆರಿಸಿದರು. ಆಮೇಲೆ ಅಳತೆ ಕೇಳಿದರು.

ಪಂಪಣ್ಣ ಜೇಬು ತಡಕಿದ. ನನ್ನ ಮುಖ ನೋಡಿದ. ನಾಗವೇಣಿಯವರಿಗೆ ಫೋನು ಮಾಡಿದರೆ ಅವರು ಪಾಠದಲ್ಲಿದ್ದರು, ಫೋನು ಬಂದ್ ಆಗಿತ್ತು. ಆಗ ಪಂಪಣ್ಣ ಕಣ್ಣು ಮುಚ್ಚಿ, ತನ್ನ ಎಡಗೈಯಿಂದ ತನ್ನದೇ ಬಲ ಮಣಿಕಟ್ಟನ್ನು ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತ. ಇಪ್ಪತ್ತು ವರ್ಷದ ಸಂಸಾರವನ್ನು ಬೆರಳುಗಳಿಗೆ ನೆನಪಿಸಿಕೊಳ್ಳಲು ಹೇಳುತ್ತಿದ್ದ ಎಂದು ಕಾಣುತ್ತದೆ. ಕಣ್ಣು ತೆರೆದು, ನನ್ನಷ್ಟೇ ಇದೆ ಅಂದ.

ಗೌಸ್‌ಸಾಬ್ ಬೆಲ್ಟನ್ನು ಪಂಪಣ್ಣನ ಕೈಗೇ ಕಟ್ಟಿ ಕಲಿಸಿದರು. ಮೊದಲು ಹೆಬ್ಬೆರಳು, ಆಮೇಲೆ ನಡುವಿನ ಪಟ್ಟಿ, ಆಮೇಲೆ ಮೇಲಿನದು, ಕೊನೆಗೆ ಕೆಳಗಿನದು. ಕಟ್ಟಿದ ಮೇಲೆ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲು ಇರಬೇಕು. ಬೆರಳ ತುದಿ ಜುಮ್ಮೆಂದರೆ ಬಿಗಿಯಾಗಿದೆ ಎಂದರ್ಥ. ಪಂಪಣ್ಣ ನಾಲ್ಕು ಸಲ ತಪ್ಪು ಕಟ್ಟಿ ಐದನೇ ಸಲ ಸರಿಯಾಗಿ ಕಟ್ಟಿದ. ಇನ್ನು ಬಿಚ್ಚಿ ಡಬ್ಬಿಗೆ ಹಾಕೋಣ ಎಂದು ಗೌಸ್‌ಸಾಬ್ ಕೈ ಚಾಚಿದರೆ ಈತ ಹಿಂದೆ ಸರಿದ.

"ಬಿಚ್ಚಿದ್ರ ಮರ್ತು ಹೋಕ್ಕೀನಿ. ಹಿಂಗ ಹೋಗಿ ಆಕಿಗೆ ತೋರಿಸಿ ಬಿಚ್ಚತೀನಿ" ಅಂದ.

ಮನುಷ್ಯರು ಮರೆವಿಗೆ ಅನೇಕ ಉಪಾಯ ಹೂಡುವುದನ್ನು ನೋಡಿದ್ದೇನೆ. ಕಲಿತ ವಿದ್ಯೆಯನ್ನು ಕೈಗೆ ಕಟ್ಟಿಕೊಂಡು ಐವತ್ತರವತ್ತು ಕಿಲೋಮೀಟರು ಒಯ್ದವನನ್ನು ನೋಡಿದ್ದು ಅದೇ ಮೊದಲು.

ಬಸ್ಸು ತುಂಬಿತ್ತು. ಕಂಡಕ್ಟರು ಪಂಪಣ್ಣನ ಕೈ ನೋಡಿದ್ದೇ, ಒಬ್ಬ ಗಟ್ಟಿಮುಟ್ಟಾದ ಪ್ರಯಾಣಿಕನನ್ನು ಎಬ್ಬಿಸಿ ಕಿಟಕಿಯ ಸೀಟು ಕೊಡಿಸಿದರು. ಪಂಪಣ್ಣನಿಗೆ ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟದ್ದು ಅದೇ ಮೊದಲು. ಆತ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು, ಜೊತೆಗಿದ್ದವರು ಪೇಶಂಟಿನ ಪಕ್ಕ ಕೂರಲಿ ಎಂದು ನನಗೂ ಜಾಗ ಮಾಡಿದರು. ನಿಜ ಸಂಗತಿಯನ್ನು ನಾನು ಆಗಲೇ ಹೇಳಬಹುದಿತ್ತು. ಸೀಟು ಮೆತ್ತಗಿತ್ತು, ಹೇಳಲಿಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ. ಆಕೆ ಮಂಡಾಳಿನ, ಅಂದರೆ ಮಂಡಕ್ಕಿಯ, ದೊಡ್ಡ ಚೀಲವನ್ನು ಮೇಲಿನ ಅಟ್ಟಣಿಗೆಗೆ ತುರುಕಿಸಿದ್ದಳು. ನೋಡಲು ಭತ್ತದ ಚೀಲದಷ್ಟು ದೊಡ್ಡದು, ಒಳಗೆ ಇರುವುದು ಗಾಳಿ ಮತ್ತು ಮಂಡಾಳು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಬ್ರೇಕು ಒತ್ತಿದಾಗ ಆ ಚೀಲ ಉರುಳಿ ಪಂಪಣ್ಣನ ಹೆಗಲ ಮೇಲೆ ಕೂತಿತು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಕನಕರಾಯ ನಿಂತಿದ್ದ. ಕನಕರಾಯ ನಾಗವೇಣಿಯವರ ತಮ್ಮ, ಸಂತೆಕಲ್ಲೂರಿನವನು, ಯಾರನ್ನೋ ಬಸ್ಸು ಹತ್ತಿಸಲು ಬಂದವನು. ಅವನಿಗೆ ಕಂಡದ್ದು ಮಾಮನ ಹೆಗಲ ಮೇಲಿನ ಚೀಲ, ಮಾಮನ ಕೈಗೆ ಕಟ್ಟಿದ ಕಪ್ಪು ಬೆಲ್ಟು, ಎದುರಿಗೆ ಎರಡೂ ಕೈ ಮುಗಿಯುತ್ತಿರುವ ಅಜ್ಜಿ.

"ಮಾಮಾ, ಏನಾತು ಕೈಗೆ?"

ಪಂಪಣ್ಣನದೊಂದು ಗುಣವಿದೆ. ಇಪ್ಪತ್ತೆರಡು ವರ್ಷ ಟಿಪ್ಪಣಿ ಬರೆದ ಮನುಷ್ಯ ಆತ. ಯಾವ ವಿಷಯವನ್ನಾದರೂ ಮೊದಲ ಪುಟದಿಂದ ಶುರು ಮಾಡುತ್ತಾನೆಯೇ ಹೊರತು ನಡುವಿನಿಂದ ಹೇಳಿದವನಲ್ಲ.

"ಅದೇನಾತಂದ್ರ ಕನಕರಾಯ, ಇವತ್ತ ಮುಂಜಾನಿ ಆಫೀಸಿನಾಗ ಕಡತದ ಲಾಡಿ ಹರೀತು" ಎಂದು ಆರಂಭಿಸಿದ. ಬಸ್ಸು ಬಿಟ್ಟಿತು.

ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿಗೆ ಮುಕ್ಕಾಲು ಗಂಟೆ ಸಾಕು, ಕನಕರಾಯನ ಫೋನಿಗೆ ಅಷ್ಟೂ ಬೇಕಿರಲಿಲ್ಲ. ನಾವು ಪಂಪಣ್ಣನ ಮನೆ ಮುಟ್ಟುವಾಗ ಕಟ್ಟೆಯ ಮೇಲೆ ಓಣಿಯ ಹತ್ತು ಹನ್ನೆರಡು ಮಂದಿ ಕೂತಿದ್ದರು. ಎದುರುಮನೆಯ ಬಂದೇಸಾಬರು ಸುದ್ದಿಯನ್ನು ಆಗಲೇ ಮೂರನೇ ಸಲ ಹೇಳುತ್ತಿದ್ದರು. ಬಂದೇಸಾಬರು ಮೂವತ್ತು ವರ್ಷ ಟ್ರ್ಯಾಕ್ಟರು ಓಡಿಸಿದವರು, ಭಾರದ ವಿಷಯದಲ್ಲಿ ಅವರ ಮಾತೇ ಕೊನೆಯದು. ಚೀಲ ಒಂದು ಕ್ವಿಂಟಲ್ಲಿನದು. ಅದು ನೇರ ಮುದುಕಿಯ ತಲೆಯ ಮೇಲೆ ಬರುತ್ತಿತ್ತು. ಪಂಪಣ್ಣ ಒಂದೇ ಕೈಯಿಂದ ತಡೆದು, ಮಸ್ಕಿ ಬರುವವರೆಗೂ ಹಾಗೇ ಹಿಡಿದು ನಿಂತಿದ್ದ. ಮಣಿಕಟ್ಟು ಹೋಗದೆ ಏನಾಗುತ್ತದೆ ಎಂದು ಅವರು ನನ್ನನ್ನೇ ಕೇಳಿದರು.

ಮುದುಕಮ್ಮನವರು ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರು. ನಲವತ್ತೇಳು ವರ್ಷದಿಂದ ಈ ತಾಯಿ, ತನ್ನ ಮಗ ಉಂಡ ತಾಟು ಎತ್ತುವವನಲ್ಲ, ಕುಡಿದ ತಂಬಿಗೆ ಸರಿಸುವವನಲ್ಲ ಎಂದು ಓಣಿಗೆಲ್ಲ ಸಾರಿದವರು. ಇಂದು ಅದೇ ಓಣಿಯ ಮುಂದೆ ಆ ಮಗನ ನೆತ್ತಿ ಸವರುತ್ತಿದ್ದರು. ಪಂಪಣ್ಣ, ಕಡತದ ಲಾಡಿ ಎಂದು ಶುರು ಮಾಡಿದ. ಈ ನೋವಿನಲ್ಲೂ ಆಫೀಸಿನ ಚಿಂತೆ ಬಿಡಲಿಲ್ಲವಲ್ಲ ಎಂದು ತಾಯಿ ಇನ್ನೂ ಅತ್ತು, ಮಾತಾಡಬೇಡ ಎಂದು ಬಾಯಿ ಮುಚ್ಚಿಸಿದರು.

ಪಂಪಣ್ಣ ಸುಳ್ಳು ಹೇಳುವವನಲ್ಲ. ಮೂರು ದಿನದಲ್ಲಿ ಒಂದು ಸುಳ್ಳನ್ನೂ ಆಡಲಿಲ್ಲ. ನಿಜ ಹೇಳಲು ಮೊದಲ ಪುಟದಿಂದ ಹೊರಡುತ್ತಿದ್ದ, ಎರಡನೇ ಪುಟಕ್ಕೆ ಯಾರೂ ಬಿಡುತ್ತಿರಲಿಲ್ಲ, ಅಷ್ಟೇ. ಬಿಡದಿದ್ದಾಗ ಆತನಿಗೆ ತೀರಾ ಬೇಸರವೂ ಆಗುತ್ತಿರಲಿಲ್ಲ ಎಂಬುದನ್ನು ಗೆಳೆಯನಾಗಿ ಒಪ್ಪಿಕೊಳ್ಳುತ್ತೇನೆ.

ಐದು ಗಂಟೆಗೆ ನಾಗವೇಣಿಯವರು ಶಾಲೆಯಿಂದ ಬಂದರು. ಜನರನ್ನು ನೋಡಿದರು, ಗಂಡನ ಕೈ ನೋಡಿದರು, ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಬಂದೇಸಾಬರು ನಾಲ್ಕನೇ ಸಲ ಎಲ್ಲವನ್ನೂ ಹೇಳಿದರು. ನಾಗವೇಣಿಯವರು ಕೊನೆಯವರೆಗೆ ಕೇಳಿ, ಗಂಡನಿಗೆ ಒಂದೇ ಮಾತು ಕೇಳಿದರು.

"ಅಳತಿ ಸರಿ ಐತೇನ್ರಿ?"

"ಸರಿ ಐತಿ" ಅಂದ ಪಂಪಣ್ಣ, ನೆಲ ನೋಡುತ್ತ.

ಆ ಮಾತಿನ ಅರ್ಥ ಅಲ್ಲಿದ್ದವರಲ್ಲಿ ಮೂವರಿಗಷ್ಟೇ ಆಯಿತು. ಅವರು ಒಳಗೆ ಹೋಗಿ ಒಲೆ ಹೊತ್ತಿಸಿದರು, ಹೊರಗೆ ಹನ್ನೆರಡು ಮಂದಿಗೆ ಚಹಾ ಆಗಬೇಕಿತ್ತು.

ನಮ್ಮ ಕಡೆ ಪೆಟ್ಟಾದವರನ್ನು ಮಾತಾಡಿಸಿ ಬರದಿದ್ದರೆ ಅದು ಜನ್ಮವಿಡೀ ಮಾತಾಗಿ ಉಳಿಯುತ್ತದೆ. ಬಂದವರು ಬರಿಗೈಯಲ್ಲಿ ಬರುವಂತಿಲ್ಲ, ಮನೆಯವರು ಬರಿಬಾಯಲ್ಲಿ ಕಳಿಸುವಂತಿಲ್ಲ. ಶುಕ್ರವಾರ ಬೆಳಗ್ಗೆಯಿಂದ ಬಾಳೆಹಣ್ಣು, ಬ್ರೆಡ್ಡು, ಎಳನೀರು ಒಳಗೆ ಬರತೊಡಗಿದವು; ಚಹಾ, ಮಂಡಾಳ ಒಗ್ಗರಣಿ, ಮಿರ್ಚಿ ಹೊರಗೆ ಬರತೊಡಗಿದವು. ಮುಕ್ಕುಂದದ ಬೀಗರು ಟಂಟಂ ಆಟೋ ಮಾಡಿಕೊಂಡು ಸರಿಯಾಗಿ ಊಟದ ಹೊತ್ತಿಗೆ ಬಂದರು. ಅವರಿಗೆ ರೊಟ್ಟಿ. ಮಗನ ಮೈಯಲ್ಲಿ ಶಕ್ತಿ ಬರಲೆಂದು ಮುದುಕಮ್ಮನವರು ಎರಡು ರೊಟ್ಟಿ ಹೆಚ್ಚಿಗೆ ಬಡಿಸಿ, ಹಾಲಿನಲ್ಲಿ ಕಿವುಚಿ, ಬಲಗೈ ಕಟ್ಟಿದೆಯಲ್ಲ ಎಂದು ತಾವೇ ತಿನ್ನಿಸಿದರು. ಏನೂ ಆಗದ ಕೈ ದಿಂಬಿನ ಮೇಲೆ ಮಲಗಿತ್ತು. ಅದನ್ನು ನೋಡಲು ಬಂದವರಿಗೆಲ್ಲ ನೋವಿದ್ದ ಕೈ ರೊಟ್ಟಿ ಬಡಿಯುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಕೂತ ನಾಗವೇಣಿಯವರು ಆ ಎರಡು ದಿನದಲ್ಲಿ ಬಡಿದ ರೊಟ್ಟಿ ಎರಡು ತಿಂಗಳಲ್ಲಿ ಬಡಿದಿರಲಿಕ್ಕಿಲ್ಲ.

ಊಟದ ನಂತರ ಪಂಪಣ್ಣ ಕಚೇರಿಗೆ ಬಂದರೆ ಸಾಹೇಬರು ಆತನನ್ನು ಬರವಣಿಗೆಯಿಂದ ಮುಕ್ತಗೊಳಿಸಿದರು. ಆ ಬರವಣಿಗೆ ನನ್ನ ಟೇಬಲ್ಲಿಗೆ ಬಂತು. ನೌಕರರ ಸಂಘದ ಅಧ್ಯಕ್ಷ ಆಂಜನೇಯ, ಸನ್ಮಾನ ಮಾಡಲು ಜನ ಸಿಗದೆ ವರ್ಷದಿಂದ ಚಡಪಡಿಸುತ್ತಿದ್ದವನು, ರವಿವಾರ ಮಸ್ಕಿಯ ಕ್ರೀಡಾಕೂಟದ ವೇದಿಕೆಯಲ್ಲೇ ಪಂಪಣ್ಣನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಘೋಷಿಸಿದ. ಪಂಪಣ್ಣ ಎದ್ದು, ಈ ಸಂದರ್ಭದಲ್ಲಿ ಕಡತದ ಲಾಡಿಯ ಬಗ್ಗೆ ಎರಡು ಮಾತು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಶನಿವಾರ ಮಧ್ಯಾಹ್ನ ಖಾಲಿ ಕಪ್ಪುಗಳನ್ನು ಒಳಗಿಡಲು ನಾನು ಅಡುಗೆಮನೆಗೆ ಹೋದೆ. ನಾಗವೇಣಿಯವರು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ರೊಟ್ಟಿ ತಟ್ಟುತ್ತಿದ್ದರು. ಮಣಿಕಟ್ಟು ಊದಿತ್ತು. ಎದುರಿಗೆ ಪಂಪಣ್ಣ ಕುಕ್ಕರಗಾಲಲ್ಲಿ ಕೂತು ಬೆಲ್ಟು ಬಿಚ್ಚುತ್ತಿದ್ದ. ಆತನ ಕಣ್ಣಲ್ಲಿ ನೀರಿತ್ತು. ಈಗಲೇ ಹೊರಗೆ ಹೋಗಿ ಎಲ್ಲರಿಗೂ ಹೇಳಿಬಿಡುತ್ತೇನೆ, ಇದನ್ನು ನೀನು ಹಾಕಿಕೋ ಎನ್ನುತ್ತಿದ್ದ. ಹೊರಗೆ ಮುದುಕಮ್ಮನವರು ಯಾರಿಗೋ, ನನ್ನ ಮಗ ಸಣ್ಣವನಿದ್ದಾಗಿನಿಂದಲೂ ಹಾಗೇ, ಇನ್ನೊಬ್ಬರ ಕಷ್ಟ ನೋಡಿದರೆ ನಿಲ್ಲುವವನಲ್ಲ ಎಂದು ಹೇಳುವುದು ಒಳಗೂ ಕೇಳುತ್ತಿತ್ತು.

ನಾಗವೇಣಿಯವರು ಆ ಮಾತಿಗೆ ಕಿವಿಗೊಟ್ಟು, ಬಿಚ್ಚುತ್ತಿದ್ದ ಗಂಡನ ಕೈಯನ್ನು ತಡೆದರು.

"ಬಿಚ್ಚಬ್ಯಾಡ್ರಿ. ನಲವತ್ತೇಳು ವರ್ಷಕ್ಕ ಅತ್ತಿ ಬಾಯಾಗ ಮಗನ ಮ್ಯಾಲ ಒಂದು ಒಳ್ಳೆ ಮಾತು ಬಂದೈತಿ. ಇವತ್ತೊಂದಿನ ಇರ್ಲಿ. ಆದ್ರ ನಾಳಿ ಹನ್ನೊಂದಕ್ಕ ಈ ಬೆಲ್ಟು ನನ್ನ ಕೈಯಾಗ ಇರಬೇಕು. ಇಲ್ಲಂದ್ರ ನಾ ಸುಮ್ನ ಆಡಾಕಿ. ಕೈ ಹೋದ್ರ ಹೋಗ್ಲಿ."

ನಾನು ಕಪ್ಪುಗಳನ್ನು ಸದ್ದಾಗದಂತೆ ಕೆಳಗಿಟ್ಟು ಹೊರಬಂದೆ. ಇಂಥ ಹೆಂಗಸನ್ನು ನಾನು ಕಂಡಿಲ್ಲ. ಅವರ ಸರ್ವಿಸ್ಸನ್ನು ಹೊಗಳುತ್ತ ತಿರುಗಿದ ನಾನು, ಅದಕ್ಕಿಂತ ದೊಡ್ಡದನ್ನು ಆ ಅಡುಗೆಮನೆಯಲ್ಲಿ ನೋಡಿದೆ.

ರವಿವಾರದ ಏರ್ಪಾಡು ಸರಳವಾಗಿತ್ತು. ಹನ್ನೊಂದಕ್ಕೆ ಫೈನಲ್ಲು, ಸನ್ಮಾನ ಅದರ ನಂತರ. ಆಟಕ್ಕೆ ಮೊದಲು ಪಂಪಣ್ಣ ಬೆಲ್ಟು ಬಿಚ್ಚಿ ಹೆಂಡತಿಗೆ ಕಟ್ಟುವುದು, ಸನ್ಮಾನದ ಹೊತ್ತಿಗೆ ಕೈಗೆ ಕರವಸ್ತ್ರ ಸುತ್ತಿಕೊಳ್ಳುವುದು. ಆದರೆ ಮುಖ್ಯ ಅತಿಥಿಗಳಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಸನ್ಮಾನವಿತ್ತು. ಹತ್ತೂವರೆಗೇ ನಾಲ್ಕು ಜನ ಬಂದು ಪಂಪಣ್ಣನನ್ನು ಎಡಗೈ ಹಿಡಿದು ವೇದಿಕೆಗೆ ಒಯ್ದರು. ಬೆಲ್ಟು ಆತನ ಜೊತೆ ಮೇಲೆ ಹೋಯಿತು. ತಲೆಗೆ ಪೇಟ, ಮೈಗೆ ಶಾಲು, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಆಂಜನೇಯ ಮೈಕು ಹಿಡಿದ.

ವೇದಿಕೆಯ ಎದುರಿಗೇ ಅಂಕಣ. ಹನ್ನೊಂದಕ್ಕೆ ಸೀಟಿ ಊದಿತು. ನಾಗವೇಣಿಯವರು ಒಮ್ಮೆ ವೇದಿಕೆಯ ಕಡೆ ನೋಡಿದರು, ಮತ್ತೆ ನೋಡಲಿಲ್ಲ. ಬರಿಗೈಯಲ್ಲಿ ಆಡಿದರು. ಅವರ ಚೆಂಡು ಬಲೆಗೆ ಬಡಿದದ್ದನ್ನು ಅಂದು ಮೊದಲ ಸಲ ನೋಡಿದೆ, ಎರಡನೇ ಸಲವನ್ನೂ ನೋಡಿದೆ. ಮೊದಲ ಗೇಮು ಲಿಂಗಸುಗೂರಿಗೆ, ಹದಿನೈದು ಎಂಟು. ಎರಡನೆಯದರಲ್ಲಿ ಮೂರು ಏಳು ಆದಾಗ, ಎದುರಿನಿಂದ ಬಂದ ಚೆಂಡನ್ನು ಹಿಡಿದ ಅವರ ಬಲಗೈ ತಾನಾಗಿ ಬಿಟ್ಟುಕೊಟ್ಟಿತು. ಅವರು ಮಣಿಕಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ಬಾಗಿದರು. ಪಕ್ಕದಲ್ಲಿ ಕೂತಿದ್ದ ಮುದುಕಮ್ಮನವರು ಸೊಸೆಗೇನಾಯಿತು ಎಂದು ನನ್ನ ತೋಳು ಹಿಡಿದರು.

ವೇದಿಕೆಯ ಮೇಲೆ ಆಂಜನೇಯನ ಭಾಷಣದಲ್ಲಿ ಚೀಲ ಆಗ ಎರಡು ಕ್ವಿಂಟಲ್ಲಿಗೆ ಏರಿತ್ತು, ಮುದುಕಿಯ ಮಡಿಲಿಗೆ ಒಂದು ಕೂಸೂ ಬಂದಿತ್ತು. ಪಂಪಣ್ಣ ಎದ್ದ. ಹಣ್ಣಿನ ಬುಟ್ಟಿ ಉರುಳಿ ಸೇಬುಗಳು ಮುಖ್ಯ ಅತಿಥಿಗಳ ಕಾಲಡಿಗೆ ಹೋದವು. ಆತ ಆಂಜನೇಯನ ಕೈಯಿಂದ ಮೈಕು ತೆಗೆದುಕೊಂಡ. ಇನ್ನು ಕಡತದ ಲಾಡಿ ಬರುತ್ತದೆ ಎಂದು ನಾನು ಹಣೆ ಒತ್ತಿಕೊಂಡೆ. ಆದರೆ ಆ ಮನುಷ್ಯ ಹುಟ್ಟಿದ ಮೇಲೆ ಮೊದಲ ಸಲ ಕೊನೆಯ ಮಾತನ್ನು ಮೊದಲು ಆಡಿದ.

"ಇದು ನನ್ನ ಹೆಂಡ್ತಿ ಬೆಲ್ಟು. ನನ್ನ ಕೈಗೆ ಏನೂ ಆಗಿಲ್ಲ. ನೋವಿರೋದು ಆಕಿಗೆ."

ಆಮೇಲೆ ಬಿದ್ದ ಚಪ್ಪಾಳೆಯನ್ನು ಮಸ್ಕಿಯ ಗುಡ್ಡದಲ್ಲಿದ್ದವರೂ ಕೇಳಿರಬೇಕು. ಬಂದೇಸಾಬರು ಕಣ್ಣೊರೆಸಿಕೊಂಡು, ಕೈ ಮುರಿದಿದ್ದರೂ ಏನೂ ಆಗಿಲ್ಲ ಅಂತಾನ, ತನ್ನ ಬೆಲ್ಟು ಬಿಚ್ಚಿ ಹೆಂಡತಿಗೆ ಕೊಡ್ತಾನ, ಇಂಥ ಗಂಡ ಎಲ್ಲಿ ಸಿಗಬೇಕು ಎಂದು ಅಕ್ಕಪಕ್ಕದವರಿಗೆ ಬಿಡಿಸಿ ಹೇಳಿದರು.

ಪಂಪಣ್ಣ ಪೇಟದ ಸಮೇತ ಅಂಕಣಕ್ಕೆ ಓಡಿದ. ಅಂಪೈರು ಅಡ್ಡ ಬಂದು, ಒಳಗೆ ಲೋಹವಿದೆ, ಆಟದಲ್ಲಿ ಬಿಡುವುದಿಲ್ಲ ಎಂದರು. ಬೇರೆ ದಿನವಾಗಿದ್ದರೆ ಪಂಪಣ್ಣ ಅಂಪೈರಿಗೆ ಒಂದು ಅರ್ಜಿ ಬರೆಯುತ್ತಿದ್ದ. ಈಗ ಬೆಲ್ಟನ್ನು ತಿರುವಿ, ಚೀಲದ ಬಾಯಿ ಹುಡುಕಿ, ಲೋಹದ ಪಟ್ಟಿಯನ್ನು ಜಾರಿಸಿ ಜೇಬಿಗೆ ಹಾಕಿಕೊಂಡ. ನೆಲಕ್ಕೆ ಮಂಡಿಯೂರಿ ಹೆಂಡತಿಯ ಕೈ ತನ್ನ ಕೈಯಲ್ಲಿ ತೆಗೆದುಕೊಂಡ. ಮೊದಲು ಹೆಬ್ಬೆರಳು. ಆಮೇಲೆ ನಡುವಿನ ಪಟ್ಟಿ. ಮೇಲಿನದು. ಕೆಳಗಿನದು. ಒಂದೂ ತಪ್ಪಲಿಲ್ಲ. ಮೂರು ದಿನ ಆ ಬೆಲ್ಟನ್ನು ಸುಮ್ಮನೆ ಹಾಕಿಕೊಂಡು ತಿರುಗಿರಲಿಲ್ಲ ಆತ, ಪಾಠ ಕಾಯ್ದುಕೊಂಡಿದ್ದ. ಅಳತೆಯೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದೆ ಕೂತಿತು. ರೊಟ್ಟಿ ಬಡಿದು ಚೆಂಡೆಸೆದು ಬೆಳೆದ ಕೈ ಅದು, ಕಡತಕ್ಕಿಂತ ಭಾರದ್ದನ್ನು ಎತ್ತದ ಕೈ ಇದು, ಎರಡೂ ಒಂದೇ ದಪ್ಪ ಇದ್ದವು.

"ಬೆರಳು ಜುಂ ಅನ್ನಾಕತ್ತಾವೇನು?" ಎಂದು ಕೇಳಿದ.

"ಇಲ್ಲ."

ಆತ ತನ್ನ ಕಿರುಬೆರಳನ್ನು ಬೆಲ್ಟಿನೊಳಗೆ ತೂರಿಸಿ ನೋಡಿ, ಸರಿ ಇದೆ ಎಂದು ಎದ್ದ.

ಬೆಲ್ಟಿನಲ್ಲಿ ಮಂತ್ರವೇನೂ ಇರಲಿಲ್ಲ. ನೋವು ಇದ್ದೇ ಇತ್ತು, ಪ್ರತಿ ಸಲ ಎಸೆದಾಗಲೂ ನಾಗವೇಣಿಯವರ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ಆದರೆ ಮಣಿಕಟ್ಟು ಬಿಟ್ಟುಕೊಡಲಿಲ್ಲ. ಚೆಂಡು ಮತ್ತೆ ಬಲೆಯ ಮೇಲೆ ಎರಡು ಬೆರಳು ಬಿಟ್ಟು ದಾಟತೊಡಗಿತು. ಎರಡನೇ ಗೇಮು ಹದಿನೈದು ಹನ್ನೆರಡು. ಮೂರನೆಯದು ಹದಿಮೂರು ಹದಿಮೂರು. ಆಗ ಅವರು ಎಸೆದ ಎರಡು ಸರ್ವಿಸ್ಸುಗಳನ್ನು ನಾನು ಇಲ್ಲಿ ವರ್ಣಿಸುವುದಿಲ್ಲ, ನನ್ನ ಕನ್ನಡ ಸಾಲದು. ಲಿಂಗಸುಗೂರಿನ ನಾಯಕಿ ತಾನೇ ಬಲೆಯ ಕೆಳಗಿಂದ ನುಸುಳಿ ಬಂದು ಇವರನ್ನು ಅಪ್ಪಿಕೊಂಡಳು.

ಪಂಪಣ್ಣ ಅಂಕಣದ ಪಕ್ಕದಲ್ಲಿ ನಿಂತು ತನ್ನ ಬರಿಗೈಯನ್ನು ಕಂಡಕಂಡವರಿಗೆ ತೋರಿಸುತ್ತಿದ್ದ. ಮುಷ್ಟಿ ಮಾಡಿ ತೋರಿಸಿದ, ಮಣಿಕಟ್ಟು ತಿರುವಿ ತೋರಿಸಿದ. ಕೊನೆಗೆ ಹಣ್ಣಿನ ಬುಟ್ಟಿಯನ್ನು ಅದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ಕನಕರಾಯ ಓಡಿ ಬಂದು ಬುಟ್ಟಿ ಕಸಿದುಕೊಂಡು, ಮಾಮಾ, ಇಷ್ಟು ಸೈರಣೆ ಬೇಡ, ಕೈ ಕೆಡಿಸಿಕೊಳ್ಳುತ್ತೀ ಎಂದು ಬೇಡಿಕೊಂಡ. ವಾಪಸು ಬರುವಾಗ ಪಂಪಣ್ಣ ಟಂಟಂನಲ್ಲಿದ್ದವರಿಗೆಲ್ಲ ಕಡತದ ಲಾಡಿಯಿಂದ ಹಿಡಿದು ಮಂಡಾಳಿನ ಚೀಲದವರೆಗೆ ಪೂರಾ ಹೇಳಿದ. ಅಂದು ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲರೂ ತಲೆದೂಗಿ, ಎಂಥ ದೊಡ್ಡ ಗುಣ, ಮಾಡಿದ್ದನ್ನು ಮಾಡಿಲ್ಲ ಅಂತಾನಲ್ಲ ಎಂದು ಮೆಚ್ಚಿದರು.

ಮುದುಕಮ್ಮನವರು ಮಾತ್ರ ಮಸ್ಕಿಯಿಂದ ಸಿಂಧನೂರಿನವರೆಗೆ ಮಗನ ಬಲಗೈಯ ಮೇಲಿಂದ ಕಣ್ಣು ಕೀಳಲಿಲ್ಲ. ನನಗೆ ಭಯವಾಯಿತು. ಮನೆಗೆ ಬಂದ ಮೇಲೆ ನಾಗವೇಣಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಪಂಪಣ್ಣ ಲೋಹದ ಪಟ್ಟಿಯನ್ನು ಮತ್ತೆ ಬೆಲ್ಟಿನೊಳಗೆ ತೂರಿಸಿ ಕಟ್ಟಿದ. ಇನ್ನು ಹದಿನೈದು ದಿನ ಈ ಕೈಗೆ ರೊಟ್ಟಿ ಬೇಡವೆಂದು ಡಾಕ್ಟರು ಫೋನಿನಲ್ಲಿ 'ಆರ್ಡರು' ಕೊಟ್ಟಿದ್ದನ್ನು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಗ ಮುದುಕಮ್ಮನವರು ಎದ್ದು ಬಂದು ಮಗನ ಬಲಗೈ ಹಿಡಿದರು. ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ತಿರುವಿ ತಿರುವಿ, ಹೆಬ್ಬೆರಳಿನಿಂದ ಒಂದೊಂದು ಕಡೆಯೂ ಒತ್ತಿ ನೋಡಿದರು.

"ನೋವೈತೇನು?"

"ಇಲ್ಲಬೇ ಯವ್ವಾ."

"ಖರೇ ಹೇಳು."

"ಖರೇನ ಏನೂ ಆಗಿಲ್ಲಬೇ. ಆವತ್ತೂ ಏನೂ ಆಗಿದ್ದಿಲ್ಲ."

ಇಡೀ ಸಿಂಧನೂರಿನಲ್ಲಿ ಪಂಪಣ್ಣನ ಮಾತನ್ನು ನಂಬಿದ್ದು ಅವರೊಬ್ಬರೇ. ಕುರ್ಚಿಯಲ್ಲಿ ಕೂತ ಸೊಸೆಯ ಊದಿದ ಕೈಯನ್ನು ಬಹಳ ಹೊತ್ತು ನೋಡಿದರು. ಆ ಕೈ ಎರಡು ದಿನ ಬಡಿದದ್ದೆಲ್ಲ ಅವರಿಗೆ ಆಗ ಲೆಕ್ಕಕ್ಕೆ ಬಂದಿರಬೇಕು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗನಿಗೆ ಬೈಗುಳ ಬೀಳುತ್ತದೆ ಎಂದು ನಾನು ಚಪ್ಪಲಿ ಹುಡುಕಿದೆ. ಅವರು ಬೈಯಲಿಲ್ಲ. ಮಗನ ಕೈ ಬಿಡದೆ ಅಡುಗೆಮನೆಗೆ ಕರೆದೊಯ್ದು, ಒಲೆಯ ಮುಂದೆ ಕೂರಿಸಿ, ಹಿಟ್ಟಿನ ಪರಾತ ಮುಂದೆ ಸರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಪ್ಪುತಪ್ಪಾಗಿ ರೊಟ್ಟಿ ಬಡಿಯುವ ಸದ್ದು ಬಂತು. ನಾಗವೇಣಿಯವರು ಕೂತಲ್ಲಿಂದಲೇ, ಅಂಚು ದಪ್ಪ ಆಗುತ್ತಿದೆ, ಕೈ ಸ್ವಲ್ಪ ಹಗುರ ಮಾಡ್ರಿ ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಐದಾರು ಮಂದಿ. ಸುದ್ದಿ ತಡವಾಗಿ ತಲುಪಿದ ದೂರದ ನೆಂಟರು, ಕೈಯಲ್ಲಿ ಬಾಳೆಹಣ್ಣು, ಮುಖದಲ್ಲಿ ದುಃಖ. ಮುದುಕಮ್ಮನವರು ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ಹೊಸ್ತಿಲ ಮೇಲೆ ನಿಂತು, ಮೂರು ದಿನದಲ್ಲಿ ನಾನು ಕೇಳಿದ್ದಕ್ಕಿಂತ ಹೆಚ್ಚು ಹೆಮ್ಮೆಯ ದನಿಯಲ್ಲಿ ಹೇಳಿದರು:

"ನನ್ನ ಮಗನ ಕೈ ನೋಡಾಕ ಬಂದೀರೇನು? ಒಳಗ ಬರ್ರಿ. ರೊಟ್ಟಿ ಬಡ್ಯಾಕತ್ತೈತಿ."